ಬೀಗರು ಕಟ್ಟಿದ ಕಾರು

ನನೀಟನ್
ಭಾನುವಾರ, ೨ ಸೆಪ್ಟೆಂಬರ್ ೧೯೭೯

ಪ್ರೀತಿಯ ಮಗ ಮಾಲ್ಕಂಗೆ,

ಹೇಗಿದ್ದೀಯಪ್ಪ? ಮಸ್ಕತ್ತಿನ ಬಿಸಿಲು ಸ್ವಲ್ಪವಾದರೂ ಇಳಿಯಿತೇ? ಬೆನ್ನ ಮೇಲೆ ಬೆವರುಗುಳ್ಳೆ ಎದ್ದಿವೆ ಎಂದು ಜೂನ್‌ನಲ್ಲಿ ಬರೆದಿದ್ದೆ, ಆಮೇಲೆ ಅದರ ಸುದ್ದಿಯೇ ಇಲ್ಲ. ನಾನು ಕಳಿಸಿದ ಪೌಡರ್ ಡಬ್ಬಿ ತಲುಪಿತೋ, ಇಲ್ಲ ಕ್ಯಾಂಪಿನಲ್ಲಿ ಯಾರಾದರೂ ಹಾರಿಸಿದರೋ? ನೀರನ್ನು ಕಾಯಿಸಿಯೇ ಕುಡಿ. ನಿನ್ನ ಹೊಟ್ಟೆ ಚಿಕ್ಕಂದಿನಿಂದಲೂ ನಾಜೂಕು, ಅದು ನಿನ್ನ ಹೆಂಡತಿ ಗ್ಲೆನಿಸ್‌ಗೆ ಗೊತ್ತಿಲ್ಲ, ನನಗೆ ಗೊತ್ತು. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ನಿನ್ನ ಮಗಳು ಬೆಥನ್ ಚೆನ್ನಾಗಿದ್ದಾಳೆ, ಮುಂದಿನ ಹಲ್ಲೊಂದು ಬಿದ್ದಿದೆ, ನಾಳಿದ್ದು ಸ್ಕೂಲು ಶುರು.

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಎದ್ದು ಓಡಾಡಿಕೊಂಡಿದ್ದಾರೆ. ಕಾರು ಬೇಲಿಗೆ ನುಗ್ಗಿತು, ತನ್ನಪ್ಪನ ಕೈ ಮುರಿಯಿತು ಎಂದು ಗ್ಲೆನಿಸ್ ಇಷ್ಟರಲ್ಲಿ ನಿನಗೆ ಬರೆದಿರುತ್ತಾಳೆ. ಅವಳು ಬರೆದದ್ದು ಅವಳಿಗೆ ಗೊತ್ತಿದ್ದಷ್ಟು. ಉಳಿದದ್ದು ಗೊತ್ತಿರುವುದು ನನಗೆ ಮತ್ತು ಇನ್ನೊಬ್ಬರಿಗೆ. ಅದನ್ನು ಬರೆಯಲೆಂದೇ ಈ ಹೊತ್ತು ಚರ್ಚಿಗೂ ಹೋಗದೆ ಕೂತಿದ್ದೇನೆ. ನೇರವಾಗಿ ಬರೆದರೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಎರಡು ಸಾಲು ಓದಿದರೆ ನಿನ್ನ ಅಮ್ಮ ರಾಕ್ಷಸಿ ಅನ್ನಿಸುತ್ತದೆ. ಆದ್ದರಿಂದ ಮೊದಲಿನಿಂದ ಓದು.

ಫೆಬ್ರವರಿಯಲ್ಲಿ ನೀನು ಹೊರಟಾಗ ಗ್ಯಾರೇಜಿನಲ್ಲಿದ್ದದ್ದು ನಾಲ್ಕು ಚಕ್ರದ ಮೇಲೆ ನಿಂತ ಕಬ್ಬಿಣದ ಚೌಕಟ್ಟು ಒಂದೇ. ಹಿಂದಿನ ಆಕ್ಸಲ್ಲು, ಹಿಂದಿನ ಬ್ರೇಕು ಎಲ್ಲ ಮುಗಿಸಿದ್ದೇನೆ, ಉಳಿದದ್ದು ಬಂದ ಮೇಲೆ ಎಂದು ಹೇಳಿ ವಿಮಾನ ಹತ್ತಿದೆ. ಆ ‘ಉಳಿದದ್ದು’ ಮನೆ ತುಂಬ ಹರಡಿಕೊಂಡಿತ್ತು. ಮನೆಯಲ್ಲೇ ಜೋಡಿಸಿಕೊಳ್ಳಲು ಬಿಡಿಬಿಡಿಯಾಗಿ ಮಾರುವ ಆ ಕಾರಿನ ಕಿಟ್ಟಿನ ಜೊತೆ ಬಂದ ಫೈಬರ್ ಮೈಯನ್ನು ಹಿತ್ತಲಿನ ಹುಲ್ಲಿನ ಮೇಲೆ ದೋಣಿಯ ಹಾಗೆ ಬೋರಲು ಹಾಕಿ ಹೋಗಿದ್ದೆ. ತುಕ್ಕು ತಿಂದ ಹಳೆಯ ಕಾರಿನಿಂದ ಕಿತ್ತ ಗೇರ್‌ಬಾಕ್ಸು ಉಗ್ರಾಣದಲ್ಲಿ ನನ್ನ ಜಾಮ್ ಬಾಟಲಿಗಳ ಪಕ್ಕ, ಮುಂದಿನ ಗಾಜು ನನ್ನ ಬೀರುವಿನ ಹಿಂದೆ, ಎರಡು ಸೀಟುಗಳು ನಡುಮನೆಯಲ್ಲಿ, ವೈರುಗಳ ಕಂತೆ ಊಟದ ಮೇಜಿನ ಮೇಲೆ. ಊಟಕ್ಕೆ ಮುಂಚೆ ಅದನ್ನು ಎತ್ತಿಡುವುದು, ಊಟವಾದ ಮೇಲೆ ಮತ್ತೆ ಹರಡುವುದು ಗ್ಲೆನಿಸ್‌ಳ ಕೆಲಸ. ನಾನು ಒಂದು ದಿನವೂ ಗೊಣಗಲಿಲ್ಲ. ಮಗ ಕಟ್ಟುವ ಕಾರು ಎಂದು ವಾರಕ್ಕೊಮ್ಮೆ ಆ ಗೇರ್‌ಬಾಕ್ಸಿನ ಧೂಳು ಕೂಡ ಒರೆಸುತ್ತಿದ್ದೆ. ನೀನು ಬರುವ ತನಕ ಅದು ಹಾಗೇ ಇರುತ್ತದೆ ಅಂದುಕೊಂಡಿದ್ದೆ.

ಮೇ ತಿಂಗಳಲ್ಲಿ ನಮ್ಮ ಬೀಗರು ಎಮ್ಲಿನ್ ಬಂದರು. ಮಗಳನ್ನು ನೋಡಲು ಒಂದು ವಾರಕ್ಕೆ ಅಂದರು. ಬಟ್ಟೆಯ ಪೆಟ್ಟಿಗೆಗಿಂತ ಸಾಮಾನಿನ ಪೆಟ್ಟಿಗೆ ಭಾರವಾಗಿದ್ದದ್ದು ಕಂಡಾಗಲೇ ನಾನು ತಿಳಿದುಕೊಳ್ಳಬೇಕಿತ್ತು. ವೇಲ್ಸ್‌ನ ಸ್ವಾನ್ಸಿಯ ತಗಡಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತಿಯಾದ ಮನುಷ್ಯನಿಗೆ ಅರ್ಧ ಕಟ್ಟಿದ ಕಾರು ತೋರಿಸುವುದೂ ಒಂದೇ, ಬೆಕ್ಕಿಗೆ ಹಾಲಿನ ಪಾತ್ರೆ ತೋರಿಸುವುದೂ ಒಂದೇ. ಎರಡನೆಯ ದಿನ ಗ್ಯಾರೇಜಿಗೆ ಹೋದವರು ಊಟಕ್ಕೆ ಕರೆದರೂ ಬರಲಿಲ್ಲ. ಎರಡನೆಯ ವಾರ ಗ್ಲೆನಿಸ್ ನಿನ್ನ ಹಳೆಯ ನೀಲಿ ಅಂಗಿ ತೊಟ್ಟು ಅವರ ಜೊತೆ ಸೇರಿದಳು. ಜೂನ್ ಹೊತ್ತಿಗೆ ಇಂಜಿನ್ ಕೂತಿತ್ತು. ಒಂದು ವಾರ ನಾಲ್ಕು ತಿಂಗಳಾಯಿತು.

ನನಗೆ ಹೊಟ್ಟೆಕಿಚ್ಚು ಹತ್ತಿತು ಮಾಲ್ಕಂ. ಅದಕ್ಕೆ ಬೇರೆ ಹೆಸರು ಕೊಟ್ಟು ನೋಡಿದೆ. ಮಂಡಿ ನೋವು ಅಂದೆ, ನಿದ್ದೆ ಸಾಲದು ಅಂದೆ. ಯಾವುದೂ ಅಲ್ಲ. ಟೀವಿ ನೋಡುವಾಗ ಅವರು ನಡುಮನೆಯಲ್ಲಿದ್ದ ಕಾರಿನ ಸೀಟಿನಲ್ಲಿ ಕಾಲು ನೀಡಿ ಕೂರುತ್ತಿದ್ದರು, ಅದೂ ನಿನ್ನ ಅಪ್ಪನ ಕುರ್ಚಿ ಇರುತ್ತಿದ್ದ ಜಾಗದಲ್ಲಿ. ನಾನು ಮಾಡಿದ ಸ್ಟ್ಯೂ ತಿಂದು, ಚೆನ್ನಾಗಿದೆ, ಆದರೆ ನಮ್ಮ ಮನೆಯವಳು ಸ್ವಲ್ಪ ಗಟ್ಟಿಯಾಗಿ ಮಾಡುತ್ತಿದ್ದಳು ಎಂದು ಮಗಳ ಮುಖ ನೋಡಿ ನಗುತ್ತಿದ್ದರು. ಬೆಥನ್ ಹಲ್ಲುಜ್ಜುವಾಗಲೂ ಅವರು ಕಲಿಸಿದ ವೇಲ್ಸ್ ಭಾಷೆಯ ಹಾಡು. ಆ ಮಗುವಿಗೆ ಡೊರೊಥಿ ಎಂದು ಹೆಸರಿಡೋಣ ಎಂದು ನಾನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ; ಅವರ ವೇಲ್ಸ್ ಹೆಸರೇ ಗೆದ್ದಿತು, ಅಲ್ಲಿಂದಲೇ ಸೋಲು ಶುರು ನನಗೆ. ಇನ್ನು ಗ್ಲೆನಿಸ್. ಒಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ್ದೇವೆ. ಒಳ್ಳೆಯ ಹುಡುಗಿ, ಇಲ್ಲವೆನ್ನುವುದಿಲ್ಲ. ಆದರೆ ನನ್ನೆದುರು ಅವಳು ನಕ್ಕರೆ ಹಲ್ಲು ಕಾಣುವುದಿಲ್ಲ. ಗ್ಯಾರೇಜಿನಲ್ಲಿ ಅಪ್ಪನ ಜೊತೆ ಅವಳು ನಗುವುದು ನನ್ನ ಅಡುಗೆಮನೆಯ ಕಿಟಕಿಯ ತನಕ ಕೇಳಿಸುತ್ತಿತ್ತು. ಚಹಾ ತೆಗೆದುಕೊಂಡು ಹೋದರೆ ಚೌಕಟ್ಟಿನ ಅಡಿಯಿಂದ ನಾಲ್ಕು ಕಾಲುಗಳು ಚಾಚಿರುತ್ತಿದ್ದವು, ಮಾತು ನಿಂತಿರುತ್ತಿತ್ತು. “ಅಲ್ಲೇ ಇಟ್ಬಿಡಿ ಅತ್ತೆ” ಅನ್ನುತ್ತಿದ್ದಳು. ಇಟ್ಟು ಬರುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಹೋದರೆ ಚಹಾ ತಣ್ಣಗಾಗಿ ಕೆನೆ ಕಟ್ಟಿರುತ್ತಿತ್ತು.

ಇದೆಲ್ಲ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಸಹಿಸಲಾಗದ್ದು ನಿನ್ನ ಕಾಗದಗಳು. ಬೇಸರ ಮಾಡಿಕೊಳ್ಳಬೇಡ, ಬರೆಯಲೇಬೇಕು. ಅವರಿಗೆ ನೀನು ಆರು ಪುಟ ಬರೆಯುತ್ತಿದ್ದೆ, ಎರಡೂ ಬದಿ, ನಡುನಡುವೆ ಪೆನ್ಸಿಲ್ಲಿನ ಚಿತ್ರಗಳು. ನನಗೆ ಮೂರು ಸಾಲು: ಬಿಸಿಲು ಜಾಸ್ತಿ, ಕೆಲಸ ನಡೆದಿದೆ, ಮಾತ್ರೆ ಮರೆಯಬೇಡ. ನನ್ನ ಮನೆಯ ವಿಳಾಸಕ್ಕೆ, ನಿನ್ನ ಅಪ್ಪ ಕೈಯಾರೆ ಬಣ್ಣ ಬಳಿದ ಬಾಗಿಲಿಗೆ ಬರುವ ದಪ್ಪ ಲಕೋಟೆಯ ಮೇಲೆ ಇನ್ನೊಬ್ಬರ ಹೆಸರು. ಅವರು ಅದನ್ನು ಊಟದ ಮೇಜಿನಲ್ಲಿ ಬಿಚ್ಚಿ, ಕನ್ನಡಕ ಏರಿಸಿ, “ನೋಡಿ ಬೀಗ್ತಿಯವ್ರೇ, ನಿಮ್ಮ ಮಗ ಡಿಫರೆನ್ಷಿಯಲ್‌ಗೆ ಯಾವ ಎಣ್ಣೆ ಹಾಕಿದ್ರಿ ಅಂತ ಕೇಳ್ತಿದಾನೆ” ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಓದುತ್ತಿದ್ದರು ಎಂದು ಈಗ ಗೊತ್ತಾಗುತ್ತದೆ. ಆಗ, ನನ್ನ ಮಗನನ್ನು ನನಗೇ ಓದಿ ಹೇಳುತ್ತಿದ್ದಾರಲ್ಲ ಎಂದು ಕರುಳು ಉರಿಯುತ್ತಿತ್ತು. “ಅದೆಲ್ಲ ನಂಗೇನು ಗೊತ್ತಾಗತ್ತೆ” ಎಂದು ತಟ್ಟೆ ಎತ್ತಿಕೊಂಡು ಏಳುತ್ತಿದ್ದೆ.

ಜುಲೈನಲ್ಲಿ ಇಬ್ಬರೂ ಸೇರಿ ನೆಲಕ್ಕೆ ಅಲ್ಯೂಮಿನಿಯಂ ತಗಡು ಹೊಡೆದರು. ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ನೋಡಿದೆ. ತಗಡನ್ನು ಹಿಡಿಸುವ ರಿವೆಟ್ ಮೊಳೆಗಳು ಕುಡುಕ ನಡೆದ ಹಾಗೆ ಸಾಲು ತಪ್ಪಿದ್ದವು, ಒಂದು ಕಡೆ ತಗಡು ಉಬ್ಬಿತ್ತು. ಯುದ್ಧದ ಕಾಲದಲ್ಲಿ ಕವೆಂಟ್ರಿಯಲ್ಲಿ ಮೂರು ವರ್ಷ ನಾನು ವಿಮಾನದ ರೆಕ್ಕೆಗಳಿಗೆ ರಿವೆಟ್ ಹೊಡೆದವಳು. ಈ ಕಡೆ ನಾನು ರಿವೆಟ್ ಗನ್ ಹಿಡಿದರೆ ಆ ಕಡೆ ನನ್ನ ಜೊತೆಗಾರ್ತಿ ಐರಿನ್ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಿದ್ದಳು. ದಿನಕ್ಕೆ ಸಾವಿರದ ಮೇಲೆ ಹೊಡೆದರೂ ಸಾಲು ದಾರ ಹಿಡಿದ ಹಾಗೆ ಇರುತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೇಳಲಿ ನೋಡೋಣ ಅಂದುಕೊಂಡೆ. ಅವರು ಹೇಗೆ ಕೇಳಿಯಾರು, ಅವರಿಗೆ ಆ ಸಂಗತಿಯೇ ಗೊತ್ತಿಲ್ಲ. ಅಷ್ಟು ಯೋಚಿಸುವ ಬುದ್ಧಿ ಹೊಟ್ಟೆಕಿಚ್ಚಿಗೆ ಎಲ್ಲಿಂದ ಬರಬೇಕು? ಉಬ್ಬಿದ ತಗಡು ನೋಡಿ ಒಳಗೊಳಗೇ ಖುಷಿಪಟ್ಟು ಬಂದು ಬಟ್ಟೆ ಮಡಿಸಿದೆ.

ಇನ್ನು ಆ ಎರಡು ಸಾಲು. ಆಗಸ್ಟ್ ಹದಿನಾಲ್ಕು, ಮಂಗಳವಾರ, ಅಪ್ಪ ಮಗಳು ಇಬ್ಬರೂ ಬೆಥನ್‌ಳನ್ನು ಕರೆದುಕೊಂಡು ಗುಜರಿಗೆ ಹಾರ್ನ್ ಹುಡುಕಲು ಹೋಗಿದ್ದಾಗ ಟಪಾಲಿನವನು ಬಂದ. ನಿನ್ನ ಅಕ್ಷರ. ದಪ್ಪ ಲಕೋಟೆ. ಅವರ ಹೆಸರು. ನನಗೆ ಆ ಸಲ ಮೂರು ಸಾಲೂ ಇರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದೆನೋ. ಆಮೇಲೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟುಬಿಟ್ಟೆ. ಒಡೆದು ಓದುವ ಆಸೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾಲ್ಕು ದಿನ ಅವರೂ ಕಾಯಲಿ, ಬರದ ಕಾಗದಕ್ಕೆ ಕಾಯುವುದು ಹೇಗಿರುತ್ತದೆ ಗೊತ್ತಾಗಲಿ ಅನ್ನುವುದಷ್ಟೇ. ಗುರುವಾರ ಅವರೇ ಕೇಳಿದರು, ಮಾಲ್ಕಂ ಕಾಗದ ಬರಲಿಲ್ಲವೇ ಎಂದು. “ಅಲ್ಲಿ ಟಪಾಲು ಒಂಟೆ ಮೇಲೆ ಬರತ್ತೇನೋ” ಅಂದೆ. ಗ್ಲೆನಿಸ್ ಕೂಡ ನಕ್ಕಳು, ಈ ಸಲ ಹಲ್ಲು ಕಾಣುವ ಹಾಗೆ. ಸುಳ್ಳು ಹೇಳಿದ ಮೇಲೆ ಕಾಗದ ತೆಗೆದು ಕೊಡುವುದು ಹೇಗೆ? ಈ ದಿನ, ಆ ದಿನ ಎಂದು ಹತ್ತು ದಿನ ಕಳೆಯಿತು.

ಆಗಸ್ಟ್ ಇಪ್ಪತ್ತೈದು, ಶನಿವಾರ, ಕಾರನ್ನು ಸರ್ಕಾರಿ ಪರೀಕ್ಷೆಗೆ ಒಯ್ಯುವ ದಿನ. ಅದು ಪಾಸಾಗುವ ತನಕ ರಸ್ತೆಗಿಳಿಸುವಂತಿಲ್ಲ, ಪರೀಕ್ಷೆಯ ಜಾಗಕ್ಕೆ ಓಡಿಸಿಕೊಂಡು ಹೋಗಲು ಮಾತ್ರ ಅಡ್ಡಿಯಿಲ್ಲ. ಹಿಂದಿನ ದಿನ ಎಮ್ಲಿನ್ ಒಂದೊಂದು ನಟ್ಟನ್ನೂ ಮುಟ್ಟಿ ನೋಡಿದರು. ಹಿಂದಿನ ಬ್ರೇಕನ್ನೂ ಒಮ್ಮೆ ಬಿಚ್ಚಿ ನೋಡಬಹುದಲ್ಲ ಎಂದು ಗ್ಲೆನಿಸ್ ಕೇಳಿದ್ದು ನನಗೆ ಕಿಟಕಿಯಲ್ಲಿ ಕೇಳಿಸಿತು. “ಅದು ಮಾಲ್ಕಂ ಮಾಡಿದ್ದು. ಒಬ್ಬ ಮಾಡಿ ಮುಗಿಸಿದೀನಿ ಅಂದ ಕೆಲಸಾನ ಇನ್ನೊಬ್ಬ ಬಿಚ್ಚಬಾರದು” ಅಂದರು. ನನಗೆ ಹೆಮ್ಮೆಯಾಯಿತು, ಆ ಹೆಮ್ಮೆ ಅವರ ಬಾಯಿಂದ ಬಂತಲ್ಲ ಎಂದು ಸಿಟ್ಟೂ ಬಂತು.

ಕಾರು ನೋಡಬೇಕಿತ್ತು ನೀನು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಸೂರಿಲ್ಲ. ಬೆಥನ್ ಅಮ್ಮನ ತೊಡೆಯ ಮೇಲೆ ಕೂತು ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಗ್ಲೆನಿಸ್ ಆಗಲೇ ಬಾ ಎಂದು ಕೈ ಚಾಚಿದ್ದಳು. ನಾನು ಬಿಡಲಿಲ್ಲ. ಅಜ್ಜಿ ಜೊತೆ ಜಾಮ್ ಟಾರ್ಟ್ ಮಾಡೋಣ ಬಾ ಎಂದು ಮಗುವಿನ ಕೈ ಹಿಡಿದು ಒಳಗೆಳೆದುಕೊಂಡೆ. ಕಾರಿಗೆ ಹೆದರಿ ಅಲ್ಲ. ಆ ಬೆಳಿಗ್ಗೆ ಒಬ್ಬರಾದರೂ ನನ್ನ ಕಡೆ ಇರಲಿ ಅಂತ.

ಬೆಟ್ಟದ ರಸ್ತೆ ಇಳಿದು ಕಾಲುವೆಯ ಸೇತುವೆಗೆ ತಿರುಗುವಲ್ಲಿ ಎದುರಿಗೆ ಒಂದು ಲಾರಿ ಬಂತಂತೆ. ಎಮ್ಲಿನ್ ಬ್ರೇಕನ್ನು ಬಲವಾಗಿ ಒತ್ತಿದರು. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹಿಂದಿನ ಆಕ್ಸಲ್ಲಿನ ಹತ್ತಿರದ ರಬ್ಬರ್ ಪೈಪು ಒಡೆದು ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿತ್ತು. ಗ್ಯಾರೇಜಿನಲ್ಲಿ ಮೆಲ್ಲಗೆ ಒತ್ತಿದಾಗ ತಡೆದುಕೊಂಡ ಹಳೇ ಪೈಪು ಜೋರಾಗಿ ಒತ್ತಿದಾಗ ತಡೆಯಲಿಲ್ಲ. ಅವರು ಹ್ಯಾಂಡ್‌ಬ್ರೇಕ್ ಎಳೆದು, ಕಾಲುವೆಗೂ ಹೋಗದೆ ಲಾರಿಗೂ ಸಿಗದೆ, ಮುಳ್ಳುಬೇಲಿಗೆ ಕಾರನ್ನು ನುಗ್ಗಿಸಿದರು. ಬೇರೆ ಯಾರಾಗಿದ್ದರೂ ಈ ಕಾಗದ ಬೇರೆ ಥರ ಇರುತ್ತಿತ್ತು. ಅವರ ಬಲಗೈ ಮಣಿಕಟ್ಟು ಮುರಿಯಿತು. ಗ್ಲೆನಿಸ್‌ಳ ಹಣೆಗೆ ಮೂರು ಹೊಲಿಗೆ. ಕಾರಿನ ಮುಂದಿನ ಒಂದು ಮಗ್ಗುಲು ಬಿರಿದಿದೆ, ಒಂದು ದೀಪ ಹೋಗಿದೆ, ಎಳೆದು ತಂದು ಮತ್ತೆ ಗ್ಯಾರೇಜಿನಲ್ಲಿ ನಿಲ್ಲಿಸಿದ್ದಾರೆ.

ಆಸ್ಪತ್ರೆಯಿಂದ ಬಂದ ಗ್ಲೆನಿಸ್ ಏನು ಮಾಡಿದಳು ಗೊತ್ತೇ? ನೇರ ಅಡುಗೆಮನೆಗೆ ಬಂದು ನನ್ನನ್ನು ಅಪ್ಪಿಕೊಂಡಳು. ಒಂಬತ್ತು ವರ್ಷದಲ್ಲಿ ಮೊದಲ ಸಲ. “ನೀವು ಬೆಥನ್‌ನ ಇಟ್ಕೊಳ್ದೆ ಇದ್ದಿದ್ರೆ ಅತ್ತೆ...” ಎಂದಳು. ನನ್ನ ಕೈಯೆಲ್ಲ ಹಿಟ್ಟಾಗಿತ್ತು, ಅವಳ ಬೆನ್ನ ಮೇಲೆ ಇಡಲೂ ಆಗದೆ ನಿಂತಿದ್ದೆ. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ನಲವತ್ತು ವರ್ಷ ಫಿಟ್ಟರ್ ಆಗಿದ್ದವರಿಗೆ ಒಂದು ಹಳೇ ಪೈಪು ಕಣ್ಣಿಗೆ ಬೀಳಲಿಲ್ಲವೇ, ಕಣ್ಣು ಕಾಣದಿದ್ದರೆ ಕಾಣುವುದಿಲ್ಲ ಎಂದು ಹೇಳಬಾರದೇ, ಮಗು ಇದ್ದಿದ್ದರೆ ಏನಾಗುತ್ತಿತ್ತು ಎಂದು ಅತ್ತಳು, ಬೈದಳು. ಹಿಂದಿನ ಬ್ರೇಕು ಮಾಲ್ಕಂ ಮಾಡಿದ್ದು, ಮಾಲ್ಕಂ ಹಾಕಿದ ಪೈಪು ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳು ಆ ಗಾಬರಿಯಲ್ಲಿ ಮರೆತಿದ್ದಳು, ಅವರು ಮರೆತಿರಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ನಂದೇ ತಪ್ಪು ಕಣಮ್ಮ, ನೋಡ್ಬೇಕಿತ್ತು” ಅಂದರು. ಅಷ್ಟೇ. ಗಂಡನ ಮೇಲೆ ಅವಳ ಸಿಟ್ಟು ತಿರುಗಬಾರದೆಂದು ಪೂರ್ತಿ ಪೆಟ್ಟನ್ನು ತಾವೇ ತಿಂದರು.

ಆ ಸಂಜೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ನಿನ್ನ ಕಾಗದ ಒಡೆದೆ. ನೀನು ಏನು ಬರೆದಿದ್ದೆ ಎಂದು ನಿನಗೇ ಹೇಳುವುದೇನು? ಹಿಂದಿನ ಬ್ರೇಕಿಗೆ ಅಳತೆ ನೋಡಲೆಂದು ಹಳೆಯ ಕಾರಿನ ಪೈಪನ್ನೇ ಸಿಕ್ಕಿಸಿದ್ದೆ, ಹೊರಡುವ ಗಡಿಬಿಡಿಯಲ್ಲಿ ಬದಲಾಯಿಸಲು ಮರೆತೆ, ಹೊಸದು ಮೇಲಿನ ಹಲಗೆಯ ಬಿಸ್ಕತ್ತು ಡಬ್ಬಿಯಲ್ಲಿದೆ, ಮೊದಲು ಅದನ್ನು ಹಾಕಿ, ಆಮೇಲೆಯೇ ಕಾರು ಕದಲಿಸಿ ಎಂದು ಮೊದಲ ಪುಟದಲ್ಲೇ ಎರಡೆರಡು ಗೆರೆ ಎಳೆದು ಬರೆದಿದ್ದೆ. ನೀನು ಮರೆತದ್ದು ಹೌದು; ಆದರೆ ನೆನಪಾದ ದಿನವೇ ಬರೆದೆ. ಆದ್ದರಿಂದ ಆ ಹೊರೆ ಹೊತ್ತು ಕೂರಬೇಡ, ಅದು ನನ್ನದು. ಕೊನೆಯ ಪುಟದಲ್ಲಿ ನನ್ನ ವಿಷಯವಿತ್ತು. ನೆಲದ ತಗಡು ಹೊಡೆಯುವುದು ಬಾಕಿಯಿದ್ದರೆ ಅಮ್ಮನನ್ನು ಕೇಳಿ, ಯುದ್ಧದ ಕಾಲದಲ್ಲಿ ವಿಮಾನದ ರೆಕ್ಕೆ ಮಾಡಿದ ಕೈ ಅದು, ನಾನು ಹೇಳಿದೆ ಎಂದು ಹೇಳಬೇಡಿ, ಮೊದಲು ಆಗುವುದಿಲ್ಲ ಅಂದೇ ಅನ್ನುತ್ತಾಳೆ, ಆಮೇಲೆ ತಾನೇ ಬರುತ್ತಾಳೆ, ಅಪ್ಪ ಹೋದ ಮೇಲೆ ಅವಳು ಯಾವುದಕ್ಕೂ ಕೈ ಹಾಕಿಲ್ಲ ಎಂದು ಬರೆದಿದ್ದೆ. ಮಗನೇ, ಆ ಸಾಲುಗಳನ್ನು ನಾನು ಎಷ್ಟು ಸಲ ಓದಿದೆ ಎಂದು ಕೇಳಬೇಡ.

ಆದರೂ ಬಾಯಿ ಬಿಡಲಿಲ್ಲ. ಐದು ದಿನ ಬಿಡಲಿಲ್ಲ. ಗ್ಲೆನಿಸ್ ನನಗೆ ಕುರ್ಚಿ ಎಳೆದು ಕೊಡುತ್ತಿದ್ದಳು, ತಾನೇ ಚಹಾ ಮಾಡಿ ಕೊಡುತ್ತಿದ್ದಳು. ಅಪ್ಪನ ಜೊತೆ ಬೇಕಾದಷ್ಟೇ ಮಾತು. ನಾಲ್ಕು ತಿಂಗಳಿಂದ ನಾನು ಬಯಸಿದ್ದೆಲ್ಲ ತಟ್ಟೆಯಲ್ಲಿಟ್ಟ ಹಾಗೆ ಎದುರಿಗಿತ್ತು. ಸೊಸೆಯ ಕೈಯ ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನೀನು ನನ್ನನ್ನು ಒಳ್ಳೆಯವಳು ಅಂದುಕೊಳ್ಳುತ್ತೀಯ. ಸತ್ಯ ಹೇಳುತ್ತೇನೆ, ಮೊದಲ ಎರಡು ದಿನ ಇಳಿಯಿತು. ರುಚಿಯಾಗಿಯೇ ಇತ್ತು. ಬುಧವಾರ ಎಮ್ಲಿನ್ ಎಡಗೈಯಲ್ಲಿ ತಮ್ಮ ಸಾಮಾನಿನ ಪೆಟ್ಟಿಗೆಗೆ ಒಂದೊಂದೇ ಸ್ಪ್ಯಾನರ್ ಒರೆಸಿ ಇಡುವುದನ್ನು ಕಂಡೆ. ಊರಿಗೆ ಹೋಗುತ್ತೇನೆ ಅಂದರು. ಗ್ಲೆನಿಸ್ ತಡೆಯಲಿಲ್ಲ. ಅವತ್ತಿನಿಂದ ಇಳಿಯಲಿಲ್ಲ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಅವರ ಬಟ್ಟೆಯ ಪೆಟ್ಟಿಗೆ ಹಿಡಿದುಕೊಂಡು ನಾನೇ ಸ್ಟೇಷನ್ನಿಗೆ ಹೋದೆ. ಒಂದು ಕೈಯವರು ಎರಡು ಪೆಟ್ಟಿಗೆ ಹೇಗೆ ಒಯ್ದಾರು ಎಂದು ಸೊಸೆಗೆ ಹೇಳಿದೆ. ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಬೆಂಚಿನ ಮೇಲೆ ಕೂತು, ಕೈಚೀಲದಿಂದ ಕಾಗದ ತೆಗೆದು, ಅವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಮೊದಲ ಪುಟ ಓದಿದರು. ಲಕೋಟೆ ತಿರುಗಿಸಿ ಮುದ್ರೆಯ ತಾರೀಕು ನೋಡಿದರು. ಆಮೇಲೆ ಮೆಲ್ಲಗೆ ಅಂದರು:

“ನನ್ನ ಮಗಳು ಕೂತಿದ್ಲು ಆ ಕಾರಲ್ಲಿ.”

“ಗೊತ್ತು” ಅಂದೆ.

“ಗೊತ್ತು ಅಂದ್ರೆ ಸಾಲ್ದು.”

“ಸಾಲ್ದು” ಅಂದೆ. ಯಾಕೆ ಹಾಗೆ ಮಾಡಿದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ; ಕೇಳಬೇಕಾಗಿಯೇ ಇರಲಿಲ್ಲವೋ ಏನೋ. ಉಳಿದ ಪುಟಗಳನ್ನೂ ಓದಿದರು. ಕೊನೆಯ ಪುಟಕ್ಕೆ ಬಂದಾಗ ನನ್ನ ಕಡೆ ತಿರುಗಿ, ನೀವು ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುತ್ತಿದ್ದಿರಾ, ಮತ್ತೆ ಹೇಳಲಿಲ್ಲವಲ್ಲ ಅಂದರು. ನೀವು ಕೇಳಲಿಲ್ಲವಲ್ಲ ಅಂದೆ. “ಆ ಮುಖ ನೋಡ್ಕೊಂಡು ಯಾರು ಕೇಳ್ತಾರೆ ಬೀಗ್ತಿಯವ್ರೇ” ಅಂದರು. ನಗಲಿಲ್ಲ, ಹಾಗಂತ ಚುಚ್ಚಲೂ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು.

ರೈಲು ಬರುವ ಗಂಟೆ ಹೊಡೆದಾಗ ಕಾಗದವನ್ನು ಮಡಿಸಿ ತಮ್ಮ ಕೋಟಿನ ಒಳಜೇಬಿಗೆ ಇಟ್ಟುಕೊಂಡರು.

“ಇದು ನಿನ್ನೆ ಬಂತು” ಅಂದರು.

“ಇಲ್ಲ, ಹದಿನಾಲ್ಕನೇ ತಾರೀಕು ಬಂತು.”

“ನಿನ್ನೆ ಬಂತು. ಗ್ಲೆನಿಸ್‌ಗೆ ಹಾಗೇ ಹೇಳಿ. ನಾನು ಊರಿಗೆ ಹೋಗೋನು. ಅವಳು ನಿಮ್ಮ ಜೊತೆ ಬಾಳ್ಬೇಕು, ಮಾಲ್ಕಂ ಬರೋಕೆ ಇನ್ನೂ ಆರು ತಿಂಗಳಿದೆ. ಅದೂ ಅಲ್ದೆ, ಅಲ್ಲಿ ಟಪಾಲು ಒಂಟೆ ಮೇಲೆ ತಾನೇ ಬರೋದು.”

ಪೆಟ್ಟಿಗೆ ಒಳಗಿಟ್ಟು ನಾನು ಕೆಳಗಿಳಿದೆ. ಕಿಟಕಿಯಲ್ಲಿ ಎಡಗೈ ಎತ್ತಿದರು. ನಾನೂ ಎತ್ತಿದೆ. ದಾರಿಯುದ್ದಕ್ಕೂ ನನಗೆ ಏನನ್ನಿಸಿತು ಗೊತ್ತೇ ಮಾಲ್ಕಂ? ನಿನಗೆ ನಗು ಬರುತ್ತದೆ, ಇಲ್ಲ ಸಿಟ್ಟು ಬರುತ್ತದೆ. ಮತ್ತೆ ಹೊಟ್ಟೆಕಿಚ್ಚು. ಇದರಲ್ಲೂ ಅವರೇ ಗೆದ್ದರಲ್ಲ ಎಂದು. ಕಾರೂ ಅವರೇ ಕಟ್ಟಬೇಕು, ಬೈಗುಳವನ್ನೂ ಅವರೇ ತಿನ್ನಬೇಕು, ನನ್ನನ್ನು ಉಳಿಸುವ ಸುಳ್ಳನ್ನೂ ಅವರೇ ಹೇಳಬೇಕು, ನನ್ನ ಪಾಲಿಗೆ ಒಂದಾದರೂ ಬೇಡವೇ? ಮನೆ ತಲುಪಿದಾಗ ಗ್ಲೆನಿಸ್ ಮುಂಬಾಗಿಲಲ್ಲಿ ನಿಂತಿದ್ದಳು. ಅಪ್ಪ ಏನಾದರೂ ಅಂದರಾ ಎಂದು ಕೇಳಿದಳು. ಕಣ್ಣು ಕೆಂಪಾಗಿತ್ತು. ಏನೂ ಇಲ್ಲ, ಮಂಜು ಬಿದ್ದಿತ್ತು, ರೈಲು ಸರಿಯಾದ ಹೊತ್ತಿಗೆ ಬಂತು ಅಂದೆ.

ಇಲ್ಲಿಗೆ ಎರಡು ದಿನವಾಯಿತು. ಅವರ ಸುಳ್ಳು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿದೆ, ನಿಜವೂ ಕೂತಿದೆ. ಯಾವುದನ್ನೂ ಉಗುಳದೆ ಈ ಕಾಗದ ಬರೆದಿದ್ದೇನೆ. ನಿನಗೆ ಹೇಳುವುದು ಸುಲಭ, ನೀನು ದೂರ ಇದ್ದೀಯ, ನಾನು ಹೆತ್ತವಳು. ಕೆಳಗೆ ಅಡುಗೆಮನೆಯಲ್ಲಿ ಅವಳ ಹೆಜ್ಜೆ ಸದ್ದು ಕೇಳುತ್ತಿದೆ. ನಿನ್ನ ಸಿಟ್ಟು ಪೂರ್ತಿ ಬರೆ, ಎಷ್ಟು ಪುಟವಾದರೂ ಸರಿ, ಓದುತ್ತೇನೆ. ಬಿಸಿಲಿನಲ್ಲಿ ಟೋಪಿಯಿಲ್ಲದೆ ನಿಲ್ಲಬೇಡ. ಯಾವ ಯಂತ್ರದ ಮುಂದೆ ನಿಂತಿದ್ದರೂ ದೇವರು ನಿನ್ನ ಕೈಕಾಲು ಕಾಯಲಿ. ಬೆಥನ್ ಒಂದು ಮುತ್ತು ಕಳಿಸಿದ್ದಾಳೆ, ಬಿದ್ದ ಹಲ್ಲನ್ನೂ ಕಳಿಸುತ್ತೇನೆ ಎಂದಳು, ಬೇಡವೆಂದೆ.

ನಿನ್ನ ಅಮ್ಮ,
ವಿನಿಫ್ರೆಡ್

ಮರೆತ ಮಾತು: ಮರೆತದ್ದಲ್ಲ, ಈಗ ಆದದ್ದು. ಲಕೋಟೆಗೆ ಅಂಟು ಹಚ್ಚುವ ಮೊದಲು ಕೆಳಗೆ ಹೋಗಿ ಗ್ಲೆನಿಸ್‌ಗೆ ಎಲ್ಲ ಹೇಳಿಬಿಟ್ಟೆ. ಹದಿನಾಲ್ಕನೇ ತಾರೀಕು ಎಂದೂ ಹೇಳಿದೆ, ನಿಮ್ಮಪ್ಪ ನಿನ್ನೆ ಬಂತು ಅನ್ನಿ ಎಂದಿದ್ದರು ಎಂದೂ ಹೇಳಿದೆ. ಅವಳು ಒಲೆ ಆರಿಸಿ ಕೂತುಬಿಟ್ಟಳು. “ಅಪ್ಪಂಗೆ ಕಣ್ಣು ಕಾಣಲ್ಲ ಅಂದೆ ನಾನು” ಅಂದಳು, ನನಗಲ್ಲ, ಮೇಜಿಗೆ. ಆಮೇಲೆ ನನ್ನ ಮುಖ ನೋಡದೆ ಎದ್ದು ಗ್ಯಾರೇಜಿಗೆ ಹೋದಳು. ಒಂದು ಗಂಟೆ ಒಳಗಿಂದ ಸ್ಪ್ಯಾನರಿನ ಸದ್ದು. ನಾನು ಅಡುಗೆಮನೆಯಲ್ಲಿ ಪೆಟ್ಟಿಗೆ ಕಟ್ಟಬೇಕಾದವಳ ಹಾಗೆ ಕೂತಿದ್ದೆ. ಕೊನೆಗೆ ಬಾಗಿಲಿಗೆ ಬಂದಳು, ಹಣೆಯ ಹೊಲಿಗೆಯ ಮೇಲೆಲ್ಲ ಗ್ರೀಸು. “ಹೊಸ ಪೈಪ್ ಹಾಕಿದೀನಿ. ಒಳಗೆ ಗಾಳಿ ಸೇರ್ಕೊಂಡಿದೆ, ತೆಗೆಯೋಕೆ ಇಬ್ರು ಬೇಕು, ಒಬ್ಬಳ ಕೈಲಾಗಲ್ಲ. ಬಂದು ಪೆಡಲ್ ಒತ್ತಿ. ಮಾತಾಡ್ಬೇಡಿ. ಒತ್ತಿ ಅಂದಾಗ ಒತ್ತಿ, ಬಿಡಿ ಅಂದಾಗ ಬಿಡಿ” ಅಂದಳು. ಹೋದೆ. ಚಪ್ಪಲಿ ಬಿಟ್ಟು ಆ ಸಣ್ಣ ಕಾರಿನೊಳಗೆ ಹೇಗೋ ತೂರಿ ಕೂತೆ. ಅವಳು ಹಿಂದಿನ ಚಕ್ರದ ಬಳಿ ಮಲಗಿ ಒತ್ತಿ ಅಂದಾಗ ಒತ್ತಿದೆ, ಬಿಡಿ ಅಂದಾಗ ಬಿಟ್ಟೆ. ಮಂಡಿ ಕಿತ್ತುಹೋಗುವ ಹಾಗಿತ್ತು, ಹೇಳಲಿಲ್ಲ. ನಲವತ್ತು ಸಲ ಆಗಿರಬೇಕು, ಪೆಡಲ್ ಮೊದಲು ಬೆಣ್ಣೆಯ ಹಾಗಿದ್ದದ್ದು ನಿಧಾನವಾಗಿ ಕಲ್ಲಾಯಿತು. ಸಾಕು ಅಂದಳು. ನಾಳೆ ಮುಂದಿನ ಚಕ್ರಗಳಿವೆಯಂತೆ, ಬೆಥನ್ ಮಲಗುವ ಮೊದಲು ಬನ್ನಿ ಅಂದಿದ್ದಾಳೆ. ಹಿಂದಿನ ಸಲ ಹೀಗೆ ಗಾಳಿ ತೆಗೆಯುವಾಗ ಈ ಪೆಡಲ್ ಒತ್ತಿದ್ದು ಎಮ್ಲಿನ್. ಅವರಿಗಿಂತ ಚೆನ್ನಾಗಿ ಒತ್ತಿದೆನೇ ಎಂದು ಕೇಳಬೇಕೆಂದು ಬಾಯಿಯ ತನಕ ಬಂದಿತ್ತು ಮಾಲ್ಕಂ. ಕೇಳಲಿಲ್ಲ.